ದೀಕ್ಷಾ ಕಟ್ಟಿದ ಕ್ವಾರ್ಟರ್ಸ್

ಕೋವಿಡ್ ಲಾಕ್‌ಡೌನ್ ಮುಗಿದು ಎರಡು ವರ್ಷವಾಗಿತ್ತು. ದೆಹಲಿಯ ಲಕ್ಷ್ಮೀ ನಗರದ ತರಬೇತಿ ಸಂಸ್ಥೆಯೊಂದರಲ್ಲಿ ನಾನು ಗೇಮ್ ಡಿಸೈನ್ ಕಲಿಸುತ್ತಿದ್ದೆ. ಹಳೆಯ ಶೂಟರ್ ಆಟಗಳಿಗೆ ಮ್ಯಾಪ್, ಅಂದರೆ ಆಟಗಾರ ಓಡಾಡುವ ಕಟ್ಟಡ, ಬೀದಿಗಳನ್ನು ತಯಾರಿಸುವ ಎರಡು ಎಡಿಟರ್‌ಗಳನ್ನು ಹೋಲಿಸಿ, ಪಾಠಕ್ಕೆ ಒಂದನ್ನು ಆರಿಸಬೇಕಿತ್ತು. ಹಳೆಯದು ನಿಧಾನ, ಆಗಾಗ ಕೈಕೊಡುತ್ತಿತ್ತು; ಆದರೆ ಹಾಕಿದ್ದನ್ನು ಹಾಕಿದ ಹಾಗೇ ಉಳಿಸುತ್ತಿತ್ತು. ಹೊಸದು ಚುರುಕು, ತಪ್ಪುಗಳನ್ನು ತಾನೇ ಹುಡುಕಿ ಸರಿಪಡಿಸುತ್ತಿತ್ತು. ನಾನು ಹೊಸದನ್ನೇ ಆರಿಸಿದೆ.

"ಸರ್, ಅದು ಜಾಸ್ತಿ ಬುದ್ಧಿ ತೋರಿಸುತ್ತೆ. ನಂಗೆ ಪುರಾನಾವಾಲಾನೇ ಠೀಕ್," ಎಂದು ತರಗತಿಯಲ್ಲಿ ಹಳೆಯದರ ಪರ ನಿಂತವಳು ದೀಕ್ಷಾ ಒಬ್ಬಳೇ. ತಂದೆತಾಯಿ ಕುಂದಾಪುರದವರು, ಅವಳು ಬೆಳೆದದ್ದು ದೆಹಲಿಯಲ್ಲಿ.

ಆ ಮಳೆಗಾಲದ ಕೊನೆಗೆ ಡೆಂಗಿ ಬಂದು ಒಂದೇ ವಾರದಲ್ಲಿ ದೀಕ್ಷಾ ತೀರಿಕೊಂಡಳು. ಇಪ್ಪತ್ತೆರಡು ವರ್ಷ.

ತಿಂಗಳ ನಂತರ ಅವಳ ತಾಯಿ ವಸಂತಿ ಒಂದು ಪೆನ್ ಡ್ರೈವ್ ಹಿಡಿದು ಬಂದರು. ಸರ್ಕಾರಿ ಕಚೇರಿಯ ನೌಕರಿ ಅವರದು.

"ಸರೋಜಿನಿ ನಗರದಲ್ಲಿ ನಮ್ಮ ಕ್ವಾರ್ಟರ್ಸ್ ಕೆಡವಿದ್ರಲ್ಲ ಸರ್, ಅದನ್ನ ಇದರಲ್ಲಿ ಕಟ್ಟಿದಾಳೆ. ನನ್ನ ಹುಟ್ಟುಹಬ್ಬಕ್ಕೆ ತೋರಿಸ್ತೀನಿ ಅಂದಿದ್ಲು. ಒಂದ್ಸಲ ಒಳಗೆ ಹೋಗಿ ನೋಡ್ಬೋದಾ?"

ಅವಳು ಹಳೆಯದರಲ್ಲಿ ಕಟ್ಟಿದ್ದ ಫೈಲನ್ನು ನಾನು ಹೊಸ ಎಡಿಟರ್‌ನಲ್ಲಿ ತೆರೆದೆ. ಗುರುತು ಸಿಗದ ವಸ್ತುಗಳಿವೆ, ತೆಗೆಯಲೇ ಎಂದು ಅದು ಕೇಳಿತು. ಅಭ್ಯಾಸಬಲದಿಂದ ಹೌದು ಎಂದು ಒತ್ತಿ, ಅದೇ ಫೈಲಿನ ಮೇಲೆ ಸೇವ್ ಮಾಡಿ, ಮ್ಯಾಪ್ ಓಡಿಸಿದೆ.

"ಇದೇ ಮೆಟ್ಟಿಲು," ಎಂದರು ವಸಂತಿ. ಮಾಸಿದ ಹಳದಿ ಗೋಡೆ, ಅಡುಗೆಮನೆಯ ಜಾಲರಿ ಕಿಟಕಿ, ಎಲ್ಲ ಇತ್ತು. ಕಣ್ಣೊರೆಸಿಕೊಂಡು ಕೇಳಿದರು: "ಅವಳು ಮಾತಾಡೋದು ಎಲ್ಲಿ ಸರ್? ಕೋಣೆಗೆ ಕಾಲಿಟ್ರೆ ನನ್ನ ದನಿ ಕೇಳುತ್ತೆ ಅಂದಿದ್ಲು."

ಪೆನ್ ಡ್ರೈವನ್ನು ಮತ್ತೆ ತೆರೆದು ನೋಡಿದೆ. ಅದರಲ್ಲಿ ಒಂಬತ್ತು ಧ್ವನಿ ಫೈಲ್‌ಗಳಿದ್ದವು. ಯಾವುದು ಎಲ್ಲಿ ಕೇಳಿಸಬೇಕೆಂದು ಅವಳು ಇಟ್ಟಿದ್ದ, ಕಣ್ಣಿಗೆ ಕಾಣದ ಗುರುತುಗಳನ್ನೇ ನಾನು ಗುರುತು ಸಿಗದ ವಸ್ತುಗಳೆಂದು ಅಳಿಸಿದ್ದೆ. ಅವಳ ಲ್ಯಾಪ್‌ಟಾಪನ್ನು ಆಗಲೇ ಎಲ್ಲ ಅಳಿಸಿ ಸಂಬಂಧಿಕರಿಗೆ ಕೊಟ್ಟಾಗಿತ್ತು. ಬೇರೆ ನಕಲು ಇರಲಿಲ್ಲ.

"ತಪ್ಪು ನನ್ನದು, ಮೇಡಂ. ನಕಲು ಇಟ್ಟುಕೊಳ್ಳದೆ ಸೇವ್ ಮಾಡಿಬಿಟ್ಟೆ."

ಅವರು ಪರದೆಯ ಮೇಲಿನ ಹಳದಿ ಗೋಡೆಯನ್ನು ನೋಡಿದರು. ಆಮೇಲೆ, "ದನಿ ಇದೆಯಲ್ಲ. ಯಾವ ಮಾತು ಎಲ್ಲಿ ಹೇಳ್ತಿದ್ಲು ಅಂತ ನಂಗೆ ಗೊತ್ತು," ಎಂದರು.

ಮೂರು ಶನಿವಾರ ಹಳೆಯ ಎಡಿಟರ್ ಮುಂದೆ ಇಬ್ಬರೂ ಕೂತೆವು. "ಚಪ್ಪಲಿ ಹೊರಗೆ ಬಿಡಮ್ಮಾ" ಬಾಗಿಲಿಗೆ, "ಹಾಲು ಉಕ್ತಿದೆ" ಅಡುಗೆಮನೆಗೆ. ಹೀಗೆ ಎಂಟಕ್ಕೆ ಜಾಗ ಸಿಕ್ಕಿತು. ಉಳಿದದ್ದು ಒಂದು: "ಅಮ್ಮಾ, ಇಲ್ಲಿ ನಿಂತು ದೇಖೋ ನಾ. ನಂಗೆ ಇದೇ ಬೆಸ್ಟ್ ಜಾಗ."

ವಸಂತಿ ಪ್ರತಿ ಕೋಣೆಯಲ್ಲೂ, ಬಾಲ್ಕನಿಯಲ್ಲೂ, ಮೆಟ್ಟಿಲ ತಿರುವಿನಲ್ಲೂ ನಿಂತು ಆ ಮಾತು ಕೇಳಿದರು. ಎಲ್ಲೂ ಖಚಿತವಾಗಲಿಲ್ಲ. ಬಾಲ್ಕನಿಯಲ್ಲೇ ಇಡೋಣವೇ ಎಂದೆ.

"ಬೇಡ ಸರ್. ಸುಳ್ಳು ಜಾಗದಲ್ಲಿ ಬೇಡ."

ಆ ಒಂದು ಧ್ವನಿ ಫೈಲ್ ಜಾಗ ಸಿಗದೆ ಹಾಗೇ ಉಳಿಯಿತು. ಇಂದಿಗೂ ಹೊಸ ತಂಡ ಬಂದಾಗ ಮೊದಲು ಹೇಳುವುದು ನಕಲು ತೆಗೆದಿಡಿ ಎಂದು. ಆದರೆ ನಾನು ಕಲಿತದ್ದು ಅದಕ್ಕಿಂತ ಕಷ್ಟದ್ದು: ಇನ್ನೊಬ್ಬರ ಕೆಲಸದಲ್ಲಿ ನನಗೆ ಅರ್ಥವಾಗದ್ದೆಲ್ಲ ತಪ್ಪಲ್ಲ.