ಸೋಮಿ ಉಳಿಸಿಕೊಂಡ ತಪ್ಪು

ಶೆಟಗೇರಿಯ ಸುಕ್ರ ಗೌಡ ತೆಂಗಿನಕಾಯಿ ಕದ್ದದ್ದು ನಿಜ. ದೇವಿದಾಸ ಒಡೆಯರ ಹಿತ್ತಲ ಮರ ಹತ್ತಿ ಒಂದು ಹೆಡಿಗೆ ಕಾಯಿ ಕೊಯ್ದ. ಹೊತ್ತುಕೊಂಡು ಬರುವಾಗ ಬೇಲಿಯ ಹತ್ತಿರವೇ ಸಿಕ್ಕಿಬಿದ್ದ. ಓಡಬಹುದಿತ್ತು. ಓಡಲಿಲ್ಲ, ಹೆಡಿಗೆ ಇಳಿಸಿ ನಿಂತ. ಕೋರ್ಟಿನಲ್ಲಿ ಕೇಳಿದಾಗ ಹೌದು ಅಂದ. ಮೂರು ತಿಂಗಳು ಕಾರವಾರದ ಜೈಲಿಗೆ ಹಾಕಿದರು.

"ಎಂತಕ್ಕೆ ಕದ್ದದ್ದು?" ಎಂದು ಹೆಂಡತಿ ಸೋಮಿ ಒಮ್ಮೆ ಕೇಳಿದಳು.

"ಕಾಯಿ ಬೇಕಾಗಿತ್ತು" ಅಂದ.

ಅವಳು ಮತ್ತೆ ಕೇಳಲಿಲ್ಲ. ಆಗ ಅವಳು ಬಸುರಿ. ಕಾಯಿ ಅರೆದು ಹಾಕಿದ ಸಾರು ಉಣ್ಣಬೇಕು ಅನ್ನಿಸುತ್ತದೆ ಎಂದು ಅವನು ಕದಿಯುವ ಹಿಂದಿನ ದಿನ ಹೇಳಿದವಳು ಅವಳೇ.

ಅದು ಉಪ್ಪಿನ ಗಲಾಟೆಯ ಕಾಲ. ಅಂಕೋಲೆಯವರು ಸರಕಾರದ ಕಟ್ಟಳೆ ಮುರಿದು ಉಪ್ಪು ಮಾಡಿ ಜೈಲಿಗೆ ಹೋಗುತ್ತಿದ್ದರು. ಬಿಡುಗಡೆಯಾಗಿ ಬಂದವರಿಗೆ ಹೂವಿನ ಹಾರ, ವಾಲಗ. ಸುಕ್ರ ಬಿಡುಗಡೆಯಾದ ದಿನ ಜೈಲಿನ ಬಾಗಿಲಲ್ಲಿ ಇದ್ದವರು ಇಬ್ಬರೇ, ಸೋಮಿ ಮತ್ತು ಅವನ ಗೆಳೆಯ ಮಾಬ್ಲ.

"ಎಂತಾ ಮಾರಾಯಾ ನೀನು," ಅಂದ ಮಾಬ್ಲ. "ಮೂರು ತಿಂಗಳು ಕೂರೂದೇ ಸೈ ಆದ್ರೆ ಒಂದು ಮುಷ್ಟಿ ಉಪ್ಪಾರೂ ಹೊತ್ಕಂಡು ಹೋಗೂಕಾಗಿತ್ತು. ಇವತ್ತು ಹಾರ ಬೀಳ್ತಿತ್ತು ಕುತ್ತಿಗೆಗೆ."

ಸುಕ್ರ ನಕ್ಕ. ಸೋಮಿಗೆ ನಗು ಬರಲಿಲ್ಲ. ಅವಳು ಅವನ ಕಾಲು ನೋಡುತ್ತಿದ್ದಳು. ಕಾಲು ಸಣ್ಣಗಾಗಿತ್ತು.

ಅವರ ಜನರ ಕೇರಿಯಾದ ಕೊಪ್ಪದಲ್ಲಿ ತಪ್ಪು ತೊಳೆಯುವ ಕ್ರಮ ಒಂದಿತ್ತು. ಊರಗೌಡ ಜಟ್ಟಿ ಕೂಟ ಕರೆದ. ಸುಕ್ರ ಮೀಸೆ ಬೋಳಿಸಿಕೊಂಡು, ಬಾವಿಯ ನೀರು ಮೈಮೇಲೆ ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಅಡ್ಡಬಿದ್ದ. ಜಟ್ಟಿ ಗೌಡ ತುಳಸಿ ನೀರು ಕುಡಿಸಿದ. ಗಂಡ ಹೆಂಡತಿ ಇಬ್ಬರನ್ನೂ ಪಂಕ್ತಿಯ ತುದಿಯಲ್ಲಿ ಒಟ್ಟಿಗೆ ಕೂರಿಸಿದರು. ಸುಕ್ರ ಮೊದಲ ತುತ್ತು ಎತ್ತಿದ ಮೇಲೆ ಉಳಿದವರು ಉಂಡರು. ಅಲ್ಲಿಗೆ ತಪ್ಪು ತೀರಿತು. ಇನ್ನು ಅದನ್ನು ಯಾರೂ ಬಾಯಲ್ಲಿ ಎತ್ತುವಂತಿಲ್ಲ. ಎತ್ತಿದರೆ ಅದೇ ತಪ್ಪು ಎತ್ತಿದವರ ಮೇಲೆ ಬೀಳುತ್ತದೆ. ಜಗಳದಲ್ಲಿ ಕೂಡ ಎತ್ತುವುದಿಲ್ಲ. ಸೋಮಿಯ ಅತ್ತಿಗೆ ತಿಮ್ಮಿಯ ಬಾಯಿ ಬಲು ಕೆಟ್ಟದ್ದು. ಅವಳೂ ಎತ್ತಲಿಲ್ಲ.

ದೇವಿದಾಸ ಒಡೆಯರು ಕೊಪ್ಪದವರಲ್ಲ. ಅವರಿಗೆ ಆ ಕಟ್ಟು ತಾಗುವುದಿಲ್ಲ. ಸುಕ್ರನ ಅಪ್ಪನ ಕಾಲದಿಂದ ಗೇಣಿಗೆ ಇದ್ದ ಗದ್ದೆಯನ್ನು ಬಿಡಿಸಿಕೊಂಡರು. ಬೈಯಲಿಲ್ಲ, ಹೊಡೆಯಲಿಲ್ಲ. "ಬೇರೆಯವರಿಗೆ ಕೊಟ್ಟಾಯ್ತು" ಅಂದರು, ಅಷ್ಟೇ. ಸುಕ್ರ ಅದೇ ಗದ್ದೆಗೆ ಕೂಲಿಯಾಗಿ ಹೋದ. ಅದೇ ಅಂಚು, ಅದೇ ನೀರಿನ ಬಾಯಿ. ಸಂಜೆ ಬಂದು ಜಗಲಿಯಲ್ಲಿ ಕೂತರೆ ಮಾತಿಲ್ಲ. ಮಗಳು ಬೊಮ್ಮಿ ಹುಟ್ಟಿದಳು, ನಡೆದಳು, ಮಾತು ಕಲಿತಳು. ಅವನು ಹಾಗೇ ಇದ್ದ. ಸೋಮಿಗೆ ಅವನನ್ನು ನೋಡಿ ನೋಡಿ ದಣಿವಾಯಿತು. ದುಡಿದು ಬಂದ ದಣಿವು ಮಲಗಿದರೆ ಹೋಗುತ್ತದೆ. ಇದು ಹೋಗುವಂಥದ್ದಲ್ಲ.

ಮೂವತ್ತೊಂಬತ್ತನೆಯ ಇಸವಿಯಲ್ಲಿ ಯುದ್ಧ ಸುರುವಾಯಿತು. ಗದ್ದೆ ಕೊಯ್ಲಿಗೆ ಬರುವ ಹೊತ್ತಿಗೆ ಕಾರವಾರಕ್ಕೆ ಪಲ್ಟನ್ನಿನವರು ಜನ ಹಿಡಿಯಲು ಬಂದಿದ್ದಾರೆ ಎಂದು ಮಾಬ್ಲ ಸುದ್ದಿ ತಂದ.

"ನಾ ಹೋಗ್ತೆ" ಅಂದ ಸುಕ್ರ.

"ಎಂತಾ ಕೆಲ್ಸ ಅಲ್ಲಿ? ಹೊಡ್ದಾಡೂದಾ?" ಎಂದು ಸೋಮಿ ಕೇಳಿದಳು.

"ಹೇಸರಗತ್ತೆ ನೋಡ್ಕಳ್ಳೂದಂತೆ. ಗಾಡಿ ಹೋಗದಿದ್ದಲ್ಲಿ ಸಾಮಾನು ಹೊರೂಕೆ."

"ಕತ್ತೆ ಹಿಂದೆ ಹೋಗೂಕೆ ಅಷ್ಟು ದೂರ ಹೋಗ್ಬೇಕಾ?"

"ಒಡೆಯರ ಹಿಂದೆ ಹೋಗೂಕಿಂತ ಅಡ್ಡಿಲ್ಲ."

ಸೋಮಿ ಒಲೆಗೆ ಕಟ್ಟಿಗೆ ದೂಡಿದಳು. ಹೋಗಬೇಡ ಅನ್ನಬೇಕು ಅಂದುಕೊಂಡಳು. ಅವನ ಮುಖ ನೋಡಿದಳು. ಎಷ್ಟೋ ವರ್ಷದ ಮೇಲೆ ಆ ಮುಖದಲ್ಲಿ ಏನೋ ಬೇಕು ಅನ್ನುವ ಆಸೆ ಕಂಡಿತು. ಬುಟ್ಟಿ ಹುಡುಕಲು ಎದ್ದಳು.

ಬೊಮ್ಮಿಯನ್ನು ತಿಮ್ಮಿಯ ಹತ್ತಿರ ಬಿಟ್ಟು ಗಂಡ, ಹೆಂಡತಿ, ಮಾಬ್ಲ ಮೂವರೂ ನಡೆದು ಹೊರಟರು. ಸೋಮಿಯ ಬುಟ್ಟಿಯಲ್ಲಿ ಬಸಳೆ, ಹರಿವೆ. ಕಾರವಾರದ ಪೇಟೆಯಲ್ಲಿ ಮಾರಿದರೆ ಹೋದದ್ದಕ್ಕೆ ಸರಿಯಾದೀತು ಎಂದು ಹೊತ್ತುಕೊಂಡಿದ್ದಳು. ಅಮದಳ್ಳಿಯಲ್ಲಿ ಅವಳ ಚಿಕ್ಕಿಯ ಮನೆಯಲ್ಲಿ ತಂಗಿ ಮರುದಿನ ಬೆಳಿಗ್ಗೆ ಮೈದಾನ ತಲುಪಿದರು.

ಸಮುದ್ರದ ಬದಿಯ ಗಾಳಿಮರಗಳ ಕೆಳಗೆ ಮೇಜು ಹಾಕಿದ್ದರು. ದಪ್ಪ ಮೀಸೆಯ ಮರಾಠಿ ಹವಾಲ್ದಾರ ಒಬ್ಬ, ಅವನ ಮಾತು ಕನ್ನಡ ಮಾಡಿ ಹೇಳುವ ಕಾರಕೂನ ಒಬ್ಬ. ದೂರದ ಡೇರೆಯಲ್ಲಿ ಸಾಹೇಬ. ಗಂಡಸರೆಲ್ಲ ಲಂಗೋಟಿಯಲ್ಲಿ ಸಾಲು ನಿಂತರು. ಮಾಬ್ಲನ ಎದೆ ಅಳತೆಗೆ ಬರಲಿಲ್ಲ. "ಇನ್ನೊಂದು ಸಲ ಅಳೀರಿ, ಈಗ ಉಸುರು ಬಿಟ್ಟಿದ್ದೆ" ಎಂದು ಅವನು ವಾದ ಮಾಡಿದ. ಹವಾಲ್ದಾರ ನಕ್ಕು ಆಚೆ ದೂಡಿದ.

ಒಂದು ಹೇಸರಗತ್ತೆಯನ್ನೂ ತಂದು ಕಟ್ಟಿದ್ದರು. ಹತ್ತಿರ ಹೋದವರನ್ನು ಅದು ಒದೆಯುತ್ತಿತ್ತು. ಸುಕ್ರ ಅದರ ಮುಂದೆ ಹೋಗಿ ಸುಮ್ಮನೆ ನಿಂತ. ಬಹಳ ಹೊತ್ತು ನಿಂತ. ಅದು ಕಿವಿ ಇಳಿಸಿತು. ಆಮೇಲೆ ಅದರ ಹಣೆ ಮುಟ್ಟಿದ. ಹವಾಲ್ದಾರನ ಕಣ್ಣಿಗೆ ಅವನು ಅಲ್ಲೇ ಬಿದ್ದ.

"ಜೈಲಿಗೆ ಹೋಗಿದ್ದುಂಟೇನೋ?" ಕಾರಕೂನ ಎಲ್ಲರಿಗೂ ಕೇಳುವ ಮಾತು ಕೇಳಿದ.

"ಇಲ್ಲ ಒಡೆಯಾ" ಅಂದ ಸುಕ್ರ.

ಬುಟ್ಟಿ ಇಳಿಸಿಕೊಂಡು ಮರದ ಬುಡದಲ್ಲಿ ಕೂತಿದ್ದ ಸೋಮಿಗೆ ಅದು ಕೇಳಿಸಿತು. ಸುಳ್ಳು ಎಂದು ಅನ್ನಿಸಲಿಲ್ಲ. ಉಂಡು ತೀರಿಸಿದ ತಪ್ಪನ್ನು ಇದೆ ಅನ್ನುವುದೇ ಸುಳ್ಳು. ಅವಳನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದಳು.

ಆರಿಸಿದವರನ್ನು ಒಂದು ಕಡೆ ನಿಲ್ಲಿಸಿದರು. ಆ ಹೊತ್ತಿಗೆ ರಸ್ತೆಯಲ್ಲಿ ನಾಲ್ಕಾರು ಕೈದಿಗಳನ್ನು ಕೆಲಸಕ್ಕೆ ನಡೆಸಿಕೊಂಡು ಜೈಲಿನ ಮುದುಕ ವಾರ್ಡರ ಹೋಗುತ್ತಿದ್ದ. ಬಾಕಿ ಯಾರಾದರೂ ಆಗಿದ್ದರೆ ಮುಖ ಆಚೆ ಮಾಡುತ್ತಿದ್ದರು. ಸುಕ್ರ ಕೈ ಎತ್ತಿ ಕೂಗಿದ.

"ಹೋಯ್ ಜಮಾದಾರ್ರೇ! ಆರಾಮಾ? ಮೊಣಕಾಲು ನೋವು ಕಮ್ಮಿ ಆಯ್ತಾ?"

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಯಾರು, ಸುಕ್ರನಾ? ಅರೇ! ಮತ್ತೆ ಬಂದ್ಯೇನೋ? ಈ ಸಲ ಎಂತಾ ಕದ್ದೆ?"

ಸಾಲಿನಲ್ಲಿದ್ದವರು ಗೊಳ್ ಅಂದರು. ಹವಾಲ್ದಾರ ನಗಲಿಲ್ಲ. ಎದ್ದು ಬಂದು ವಾರ್ಡರನ ಹತ್ತಿರ ಮಾತಾಡಿದ. ತಿರುಗಿ ಬಂದು ಸುಕ್ರನ ತೋಳು ಹಿಡಿದು ಸಾಲಿನಿಂದ ಹೊರಗೆ ಎಳೆದ.

"ಕಾಯಿ ಕದ್ದದ್ದಷ್ಟೇ ಆಗಿದ್ದರೆ ಸಾಹೇಬರು ಹೇಗಾದರೂ ಒಪ್ಪುತ್ತಿದ್ದರಂತೆ. ಸುಳ್ಳು ಹೇಳಿದವನನ್ನು ತಗೊಳ್ಳೋದಿಲ್ಲಂತೆ," ಅಂದ ಕಾರಕೂನ.

"ಸುಳ್ಳಲ್ಲ," ಅಂದ ಸುಕ್ರ. "ಅದು ತೀರಿದೆ."

"ಏನು ತೀರಿದೆ?"

ಸುಕ್ರ ಬಾಯಿ ತೆರೆದ. ಮತ್ತೆ ಮುಚ್ಚಿದ. ಏನು ತೀರಿತು ಎಂದು ಹೇಳಬೇಕಾದರೆ ಅದನ್ನು ಎತ್ತಬೇಕು.

ಹವಾಲ್ದಾರ ಒಮ್ಮೆ ಹೇಸರಗತ್ತೆಯ ಕಡೆ ನೋಡಿದ. ಅವನಿಗೆ ಜನ ಬೇಕಾಗಿತ್ತು. ಊರಿನ ಹಿರಿಯ ಒಬ್ಬ ಬಂದು ನಡೆದದ್ದನ್ನು ಸರಿಯಾಗಿ ಹೇಳಲಿ, ನಾವು ಇಲ್ಲಿಂದ ಏಳುವ ಮೊದಲು ಬರಲಿ, ಸಾಹೇಬರ ಕಿವಿಗೆ ಹಾಕುತ್ತೇನೆ ಅಂದ.

ಸುಕ್ರನನ್ನು ಮಾಬ್ಲನ ಜೊತೆ ಅಲ್ಲೇ ಬಿಟ್ಟು ಸೋಮಿ ಒಬ್ಬಳೇ ತಿರುಗಿ ನಡೆದಳು. ಬಸಳೆ ಬುಟ್ಟಿಯಲ್ಲೇ ಬಾಡಿತು.

ಜಟ್ಟಿ ಗೌಡ ಬಲೆ ಹೆಣೆಯುತ್ತಾ ಕೂತಿದ್ದ. ಎಲ್ಲ ಕೇಳಿ ದಾರ ಕೆಳಗಿಟ್ಟ.

"ನಾ ಹ್ಯಾಂಗೆ ಹೇಳೂದು ಸೋಮಿ? ಕಟ್ಟು ಹಾಕಿದವ ನಾನೇ. ನಾನೇ ಮುರಿದ್ರೆ ನಾಳೆ ಯಾರು ಕೇಳ್ತಾರೆ?"

"ಹೇಳದಿದ್ರೆ ಅಂವ ಮತ್ತೆ ಒಡೆಯರ ಗದ್ದೆಗೇ ಬರ್ತ."

"ಬರ್ಲಿ. ಜೀವಂತ ಬರ್ತ ಅಲ್ದಾ?"

"ಜೀವಂತ ಇದ್ದದ್ದು ನೀವು ನೋಡಿದ್ದು ಯಾವಾಗ ಗೌಡಜ್ಜಾ?"

ಮುದುಕ ದೊಣ್ಣೆ ಹುಡುಕಿದ. ಅವಳ ಹಿಂದೆ ನಡೆದ. ದಾರಿಯುದ್ದಕ್ಕೂ ಕೂತು ಕೂತು ಎದ್ದ. ಸೋಮಿ ಪ್ರತಿ ಸಲ ನಿಂತು ಕಾದಳು.

ಮೈದಾನ ತಲುಪಿದಾಗ ಹವಾಲ್ದಾರ ಮುದುಕನಿಗೆ ಕೂರಲು ಪೆಟ್ಟಿಗೆ ಕೊಡಿಸಿದ.

"ಈ ಮನುಷ್ಯ ಜೈಲಿಗೆ ಹೋಗಿದ್ದನೋ?"

"ಇವನ ಮೇಲೆ ತಪ್ಪಿಲ್ಲ" ಅಂದ ಜಟ್ಟಿ ಗೌಡ.

"ಕೇಳಿದ್ದು ಅದಲ್ಲ. ಹೋಗಿದ್ದನೋ ಇಲ್ಲವೋ?"

"ಇವನ ಮೇಲೆ ತಪ್ಪಿಲ್ಲ."

ಮೂರನೆಯ ಸಲವೂ ಅದೇ. ಅಷ್ಟು ದೂರ ಬಂದದ್ದು ಹೇಳಬೇಕೆಂದೇ. ಬಾಯಿ ಏಳಲಿಲ್ಲ. ಹವಾಲ್ದಾರ ಬೇಸತ್ತು ಕೈ ಕೊಡವಿದ. ಸುಕ್ರ ನೆಲ ನೋಡುತ್ತಾ ನಿಂತಿದ್ದ. ಜಗಲಿಯಲ್ಲಿ ಕೂತಾಗ ಇರುತ್ತಿದ್ದ ಮುಖ ಮತ್ತೆ ಬಂದಿತ್ತು.

ಸೋಮಿ ಎದ್ದು ನಿಂತಳು.

"ಕದ್ದಿದ್ದ," ಅಂದಳು. "ದೇವಿದಾಸ ಒಡೆಯರ ಕಾಯಿ. ನಂಗೆ ಅಂತ ಕದ್ದದ್ದು. ಸಿಕ್ಕಾಗ ಓಡ್ಲಿಲ್ಲ. ಕೋರ್ಟಲ್ಲಿ ಹೌದು ಅಂದ. ಮೂರು ತಿಂಗಳು ಇಲ್ಲೇ ಕೂತ. ತಿರುಗಿ ಬಂದು ಮೀಸೆ ಬೋಳಿಸ್ಕಂಡು ಊರೆದುರು ಅಡ್ಡಬಿದ್ದ. ನಾವೆಲ್ಲ ಕೂತು ಉಂಡು ಅದನ್ನ ತೀರ್ಸಿದ್ದು. ತೀರಿದ ಮೇಲೆ ನಮ್ಮಲ್ಲಿ ಅದು ಇಲ್ಲ. ಎತ್ತೂಕಿಲ್ಲ. ಅದ್ಕೇ ಅಂವ ಇಲ್ಲ ಅಂದ. ಅದ್ಕೇ ಈ ಮುದುಕನ ಬಾಯಲ್ಲಿ ಬರೂದಿಲ್ಲ."

ಕಾರಕೂನ ಅದನ್ನೆಲ್ಲ ಮರಾಠಿಯಲ್ಲಿ ಹೇಳಿದ. ಹವಾಲ್ದಾರ ಡೇರೆಯೊಳಗೆ ಹೋದ. ಜಟ್ಟಿ ಗೌಡ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದ. ಸುಕ್ರ ತಲೆ ಎತ್ತಿ ಸೋಮಿಯನ್ನು ನೋಡಿದ. ಮದುವೆಯ ದಿನ ಕೂಡ ಅವನು ಅವಳನ್ನು ಹಾಗೆ ನೋಡಿರಲಿಲ್ಲ.

ಅವನನ್ನು ತೆಗೆದುಕೊಂಡರು.

ಹೊರಡುವಾಗ ಸುಕ್ರ, "ರಜೆ ಕೊಡ್ತಾರಂತೆ. ಬರ್ತೆ. ಬಂದು ನಿನ್ನ ತಪ್ಪು ತೀರ್ಸುವ" ಅಂದ. ಅವಳು ಬುಟ್ಟಿ ಕೊಡವಿ ಬಾಡಿದ ಎಲೆಗಳನ್ನು ಮರಳಿನ ಮೇಲೆ ಚೆಲ್ಲಿದಳು.

ಎತ್ತಿದ ತಪ್ಪು ಅವಳ ಮೇಲೆ ಬಿದ್ದಿತ್ತು. ಜಟ್ಟಿ ಗೌಡ ತಾನೇ ಕೂಟ ಕರೆದು ಹಾಗೆಂದ. ಹೇಳುವಾಗ ಅವಳ ಕಡೆ ನೋಡಲಿಲ್ಲ. ತೀರಿಸಲು ಗಂಡ ಹೆಂಡತಿ ಒಟ್ಟಿಗೆ ಕೂರಬೇಕು. ಸುಕ್ರ ರಜೆಗೆ ಬರುವವರೆಗೆ ಅವಳ ಎಲೆ ಬೇರೆ, ಪಂಕ್ತಿಯ ಹೊರಗೆ, ತೆಂಗಿನ ಮರದ ಬುಡದಲ್ಲಿ. ಯಾರೂ ಹೀಯಾಳಿಸಲಿಲ್ಲ. ತಿಮ್ಮಿ ಒಬ್ಬಳು, "ಗಂಡನ ಮೀಸೆ ಬೆಳೀತು, ಹೆಂಡತಿ ಎಲೆ ದೂರ ಹೋಯ್ತು" ಎಂದು ಗೊಣಗಿದಳು. ಗೊಣಗುತ್ತಲೇ ಎರಡು ಸೌಟು ಸಾರು ಹೆಚ್ಚು ಹಾಕಿದಳು.

ಸೋಮಿ ಹೋಳಿಯ ಹೊತ್ತಿನ ಸುಗ್ಗಿ ಹಬ್ಬಕ್ಕೆ ಕಾದಳು. ಸುಗ್ಗಿಗೆ ಅವನು ಬರುತ್ತಾನೆ ಎಂದು ಬೊಮ್ಮಿಗೂ ಹೇಳಿ ಇಟ್ಟಿದ್ದಳು.

ಡಿಸೆಂಬರ ಮುಗಿಯುವ ಮೊದಲೇ ಪೋಲೀಸ ಪಾಟೀಲ ಬಂದು ಅಂಗಳದಲ್ಲಿ ನಿಂತ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಸೋಮಿಗೆ ಅಷ್ಟರಿಂದಲೇ ಗೊತ್ತಾಯಿತು. ಪುಣೆಯ ದಂಡಿನಲ್ಲಿ ಜ್ವರ. ಎದೆಯಲ್ಲಿ ಕಫ ಕಟ್ಟಿತಂತೆ. ಅಲ್ಲಿಯ ಚಳಿ ಕಡಲ ಬದಿಯವರಿಗೆ ಆಗುವುದಿಲ್ಲವಂತೆ. ಯುದ್ಧ ನೋಡಲಿಲ್ಲ, ಹಡಗು ಹತ್ತಲಿಲ್ಲ. ಹೆಣವನ್ನು ಅಲ್ಲೇ ಸುಟ್ಟರಂತೆ. ಎಲ್ಲವೂ ಅಂತೆ. ಅವಳು ನೋಡಿದ್ದು ಒಂದೂ ಇಲ್ಲ.

ಸೂತಕ ಕಳೆದ ಮೇಲೆ ಜಟ್ಟಿ ಗೌಡ ದೊಣ್ಣೆ ಊರಿಕೊಂಡು ಬಂದು ಜಗಲಿಯಲ್ಲಿ, ಸುಕ್ರ ಕೂರುತ್ತಿದ್ದ ಜಾಗ ಬಿಟ್ಟು, ಪಕ್ಕದಲ್ಲಿ ಕೂತ.

"ಸೋಮಿ, ಬಾ ಮಗಾ. ನಿನ್ನ ತಪ್ಪೂ ತೀರ್ಸಿ ಬಿಡ್ವ. ಅಂವ ಇಲ್ಲದಿದ್ರೂ ಅಡ್ಡಿಲ್ಲ. ನಾ ಕೂರ್ತೆ ನಿನ್ನ ಬದಿಗೆ. ಕೂಟದವ್ರೂ ಹೂಂ ಅಂದಾರೆ."

ಸೋಮಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿದಳು.

"ತೀರಿದ ಮೇಲೆ ಆ ಮಾತು ಎತ್ತೂಕಿಲ್ಲ ಅಲ್ದಾ?"

"ಎತ್ತೂಕಿಲ್ಲ. ಯಾರೂ."

"ನಾ ಕಾರವಾರದಲ್ಲಿ ಎದ್ದು ಹೇಳಿದ್ದು? ಹೇಳಿದ್ದಕ್ಕೇ ಅವನ್ನ ತಕಂಡದ್ದು? ಅಂವ ನನ್ನ ನೋಡಿದ್ದು?"

"ಎಲ್ಲ ಅದ್ರೊಳಗೇ ಹೋಗ್ತದೆ ಮಗಾ. ತೊಳ್ದ್ರೆ ಎಲ್ಲ ತೊಳೀತದೆ."

"ಹಂಗಾರೆ ಬ್ಯಾಡ."

"ಕಡೀತಂಕ ಮರದ ಬುಡದಲ್ಲೇ ಉಣ್ತ್ಯಾ?"

"ಉಣ್ತೆ. ಅಲ್ಲಿ ಗಾಳಿ ಅಡ್ಡಿಲ್ಲ."

ಜಟ್ಟಿ ಗೌಡ ದೊಣ್ಣೆ ಊರಿ ಎದ್ದು ಹೋದ. ಬೈಯಲಿಲ್ಲ. ಆಮೇಲೆ ಕೊಪ್ಪದಲ್ಲಿ ಊಟ ಇದ್ದಾಗಲೆಲ್ಲ ತೆಂಗಿನ ಮರದ ಬುಡವನ್ನು ಮೊದಲೇ ಗುಡಿಸಿ ಸಗಣಿ ಸಾರಿಸಿಟ್ಟಿರುತ್ತಿದ್ದರು. ಯಾರು ಸಾರಿಸಿದರು ಎಂದು ಸೋಮಿ ಕೇಳಲಿಲ್ಲ.

ಬೊಮ್ಮಿ ತನ್ನ ಎಲೆ ಎತ್ತಿಕೊಂಡು ಬಂದು ಅವ್ವನ ಎದುರು ಕೂರುತ್ತಿದ್ದಳು. ಕಳಿಸಿದರೂ ಹೋಗುತ್ತಿರಲಿಲ್ಲ.

"ಅವ್ವಾ, ನಾವು ಎಂತಕ್ಕೆ ಇಲ್ಲಿ ಕೂರೂದು?"

ಬೇರೆ ಯಾರ ಬಾಯಿಂದಲೂ ಆ ಮಗುವಿಗೆ ಅಪ್ಪನ ಸಂಗತಿ ಬರುವಂತಿರಲಿಲ್ಲ. ಎತ್ತುವ ಬಾಯಿ ಒಂದೇ ಉಳಿದಿತ್ತು. ಸೋಮಿ ಅನ್ನ ಕಲಸುತ್ತಾ, ತೆಂಗಿನಕಾಯಿಯಿಂದ ಸುರುಮಾಡಿ, ಎಲ್ಲ ಹೇಳಿದಳು.