ಕಾಕಾ ಮಾಡಿಸಿದ ಲಾರಿ ಪೆಟ್ಟಿಗೆ

ಹಳಿಯಾಳದಲ್ಲಿ ದಾಂಡೇಲಿ ರಸ್ತೆಯ ಬದಿಗೆ ನನ್ನದೊಂದು ಪೇಂಟಿಂಗ್ ಶೆಡ್ ಇದೆ. ಅಬ್ಬಾ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಲಾರಿ, ಟೆಂಪೊ, ಟ್ರ್ಯಾಕ್ಟರಿನ ಟ್ರೇಲರ್, ಏನೇ ಬರಲಿ, ಹೆಸರು ಬರೆದು, ಹೂಬಳ್ಳಿ ಎಳೆದು, ಮದುಮಗನ ಹಾಗೆ ಸಿಂಗರಿಸಿ ಕಳಿಸುವುದು ನಮ್ಮ ಕೆಲಸ. ಸತ್ತವರಿಗಾಗಿ ಬ್ರಶ್ ಹಿಡಿಯುವ ಪ್ರಸಂಗ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕಾ ಬಂದರು. ಸ್ವಂತ ಕಾಕಾ ಅಲ್ಲ, ಅಬ್ಬಾನ ಗೆಳೆಯರು. ಸಾಂಬ್ರಾಣಿ ಕಡೆಯ ಸಿದ್ದಿ ಕ್ರೈಸ್ತರು. ಜೋಯಿಡಾ ಕಾಡಿನಿಂದ ದಾಂಡೇಲಿಗೆ ದಿಮ್ಮಿ ಹೇರಿಕೊಂಡು ಬರುವ ಲಾರಿ ಓಡಿಸುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಅವರ ಲಾರಿಗೆ ಮೊದಲಿನಿಂದಲೂ ನಮ್ಮದೇ ಬಣ್ಣ. ಲಾರಿ ಗುಜರಿಗೆ ಹೋದ ಮೇಲೆ ಅವರು ನಮ್ಮ ಕಡೆ ಬಂದಿರಲಿಲ್ಲ.

ಕೂತವರೇ ಜೇಬಿನಿಂದ ಫೋನ್ ತೆಗೆದು, ಮೊಮ್ಮಗಳು ಹಾಕಿಕೊಟ್ಟ ವಿಡಿಯೊ ತೋರಿಸಿದರು. ಆಫ್ರಿಕಾದ ಘಾನಾ ದೇಶದ್ದು. ಅಲ್ಲಿ ಮೀನುಗಾರ ಸತ್ತರೆ ಮೀನಿನ ಆಕಾರದ ಶವಪೆಟ್ಟಿಗೆಯಂತೆ. ವಿಮಾನದಂಥ ಪೆಟ್ಟಿಗೆಯಿತ್ತು, ಬಾಟಲಿಯಂಥದ್ದಿತ್ತು, ಬಸ್ಸಿನಂಥದ್ದೂ ಇತ್ತು. ಹೊತ್ತವರು ಅಳುತ್ತಿರಲಿಲ್ಲ, ಕುಣಿಯುತ್ತಿದ್ದರು.

“ಪೇಂಟರ್, ಇವರ ಮಾರಿ ನೋಡು. ನಮ್ಮ ಓಣ್ಯಾಗಿನ ಮಂದಿ ಕಂಡಂಗ ಕಾಣಸೂದಿಲ್ಲೇನು?”

“ಹೌದ್ರಿ ಕಾಕಾ.”

“ನಮ್ಮ ಹಿರ್ಯಾರು ಆ ಕಡಿಂದನ ಬಂದಾರ ಅಂತಾರ. ನಾ ಅಂತೂ ಗೋವಾ ದಾಟಿ ಹೋದಾಂವ ಅಲ್ಲ. ಆದ್ರ ಈ ಪೆಟಗಿ ನೋಡಿದ ಕೂಡ್ಲೆ ಇದು ನಮ್ಮ ಮನಿ ಪದ್ಧತಿ ಅನಿಸ್ತು. ನನಗೂ ಒಂದು ಬೇಕು. ಲಾರಿ ಆಗಬೇಕು.”

ನನಗೆ ಗಾಬರಿಯಾಯಿತು. “ಯಾಕ್ರಿ, ಮೈಯಾಗ ಆರಾಮಿಲ್ಲೇನು?”

“ಆರಾಮ ಅದೇನಿ. ಅದಕ್ಕ ಈಗ ಮಾಡಸ್ತೇನಿ. ಸತ್ತ ಮ್ಯಾಲೆ ಬಣ್ಣ ಹೆಂಗ ಬಂದೈತಿ ಅಂತ ನಾ ಎದ್ದು ಬಂದು ನೋಡ್ಲೇನು?”

ಗುಜರಿಗೆ ಹಾಕುವಾಗ ಲಾರಿಯ ಬಾಡಿಯ ಹಲಗೆಗಳನ್ನು ಕಾಕಾ ಬಿಚ್ಚಿಸಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಅದೇ ಹಲಗೆಗಳಿಂದ ದಾಂಡೇಲಿಯ ಒಬ್ಬ ಬಡಗಿ ಪೆಟ್ಟಿಗೆ ಮಾಡಿದ. ಮುಂದೆ ಪುಟ್ಟ ಕ್ಯಾಬಿನ್, ಹಿಂದೆ ಉದ್ದನೆಯ ಬಾಡಿ, ಮೇಲೆ ಮುಚ್ಚಳ. ಟೆಂಪೊದಿಂದ ಅದನ್ನು ಇಳಿಸಿ ಶೆಡ್ಡಿನ ನಡುವೆ ಇಟ್ಟಾಗ ಅಮ್ಮಿ ಚಹಾ ಹಿಡಿದುಕೊಂಡು ಬಂದಳು.

“ಇದೇನು, ಹುಡುಗರ ಆಟಿಗಿ ಸಾಮಾನೇನು?” ಎಂದು ಕೇಳಿದಳು.

ಕಾಕಾ ವಿಷಯ ಹೇಳಿದರು. ಅಮ್ಮಿ ಟ್ರೇ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ನಮ್ಮಲ್ಲಿ ಬಿಳಿ ಕಫನ್ ಸುತ್ತಿ, ಮಸೀದಿಯಲ್ಲಿ ಎಲ್ಲರಿಗೂ ಒಂದೇ ಇರುವ ಜನಾಜಾದ ಮಂಚದ ಮೇಲೆ ಒಯ್ದು, ಮಣ್ಣು ಮಾಡಿ, ಮಂಚವನ್ನು ವಾಪಸ್ ತರುತ್ತಾರೆ. ಅಬ್ಬಾನೂ ಹೋದದ್ದು ಹಾಗೆಯೇ. ಬದುಕಿಡೀ ಬಣ್ಣದಲ್ಲಿ ಮುಳುಗಿದ್ದವನು ಬೆಳ್ಳಗೆ ಹೋದ.

“ನಮಗ ಒಂದು ಬಿಳಿ ಬಟ್ಟಿ ಸಾಕ್ರಿ ಭಾಯಿ,” ಎಂದಳು ಅಮ್ಮಿ.

“ನೀವು ಹಗುರ ಮಂದಿ ಭಾಬಿ. ನನಗ ಸಾಮಾನಿಲ್ಲದ ಪ್ರಯಾಣ ಮಾಡಿ ರೂಢಿ ಇಲ್ಲ.”

ಅಮ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತೇರಗಾಂವದಿಂದ ಟ್ರೇಲರಿಗೆ ಬಣ್ಣ ಹಚ್ಚಿಸಲು ಬಂದಿದ್ದ ಲಿಂಗಾಯತ ಗೌಡರೊಬ್ಬರು ಎಲ್ಲವನ್ನೂ ಕೇಳುತ್ತ ನಿಂತಿದ್ದರು. ಅವರು ಹತ್ತಿರ ಬಂದು, “ಮಲಗಿಸಿ ಯಾಕ ಒಯ್ತೀರಿ? ನಮ್ಮೊಳಗ ಹೂವಿನ ವಿಮಾನ ಕಟ್ಟಿ, ಕುಂಡ್ರಿಸಿ ಒಯ್ತಾರ. ಭಜನಿ ಇರ್ತೈತಿ. ಹೋಗಾಂವ ಊರೆಲ್ಲಾ ನೋಡ್ಕೋಂತ ಹೋಗ್ತಾನ,” ಎಂದರು.

“ಆತಲ್ರಿ ಗೌಡ್ರ, ನಿಮಗ ವಿಮಾನ, ನನಗ ಲಾರಿ. ಮುಂದಿನ ಸ್ಟಾಪಿನ್ಯಾಗ ಭೆಟ್ಟಿ ಆಗೂಣು,” ಎಂದರು ಕಾಕಾ.

ಮಾತು ಸುಲಭ, ಕೆಲಸ ಸುಲಭವಿರಲಿಲ್ಲ. ಮೊದಲ ದಿನ ಪ್ರೈಮರ್ ಹೊಡೆದು ಸುಮ್ಮನೆ ಕೂತುಬಿಟ್ಟೆ. ನಾನು ಬಳಿದ ಬಣ್ಣ ಬಿಸಿಲಲ್ಲಿ ಮಾಸುವುದನ್ನು, ಮಳೆಗೆ ಸಿಪ್ಪೆ ಏಳುವುದನ್ನು ಎಷ್ಟೋ ನೋಡಿದ್ದೇನೆ. ಇದು ಹೊಸದಿದ್ದಂತೆಯೇ ಮಣ್ಣಿನೊಳಗೆ ಹೋಗುವ ಬಣ್ಣ. ಒಂದೇ ದಿನ ಜನ ನೋಡುವ ಚಿತ್ರಕ್ಕೆ ಎಷ್ಟು ಮನಸ್ಸು ಹಾಕಬೇಕು? ಆಮೇಲೆ ಕಾಕಾ ದಿನಾ ಬಂದು ಎದುರಿಗೇ ಕೂರತೊಡಗಿದರು. ಅವರು ಕೂತಿದ್ದರೆ ಸಾವಿನ ನೆನಪೇ ಬರುತ್ತಿರಲಿಲ್ಲ. ಬರೀ ತಕರಾರು. ಬಾಡಿಯ ಮೇಲೆ ಬರೆದ ಗಿಳಿಯ ಕೊಕ್ಕು ಇನ್ನೂ ಕೆಂಪಾಗಬೇಕು. ಹೆಡ್‌ಲೈಟಿಗೆ ಹಳದಿ ಸಾಲದು.

“ನಂಬರ್ ಏನ್ ಬರೀಲ್ರಿ?” ಎಂದು ಕೇಳಿದೆ.

“ನಂಬರ್ ಬ್ಯಾಡ. ಅಲ್ಲಿ ಆರ್‌ಟಿಓ ಇರೂದಿಲ್ಲ.”

ಕೊನೆಗೆ ಅವರ ಚರ್ಚಿನ ಫಾದರ್ ನೋಡಲು ಬಂದರು. ಬೈಯುತ್ತಾರೆಂದು ನಾನು ಒಂದು ಮೂಲೆಯಲ್ಲಿ ನಿಂತಿದ್ದೆ. ಅವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಹಿಂಭಾಗಕ್ಕೆ ಬಂದು ನಿಂತರು. ಅಲ್ಲಿ ಕಾಕಾ ಹೇಳಿದಂತೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆದಿದ್ದೆ.

“ಮುಚ್ಚಳದ ಮ್ಯಾಲೆ ಶಿಲುಬೆ ಬರಲಿ. ಗಿಳಿ ಇರಲಿ, ದೇವರು ಮಾಡಿದ್ದ ಅದೂ. ಆದ್ರ ಇದೊಂದು ಅಳಸ್ರಿ. ಹಿಂದ ಬರೋ ಹುಡುಗರು ಖರೇನ ಹಾರ್ನ್ ಹೊಡದಾರು,” ಎಂದರು.

ಕಾಕಾ ಗೊಣಗುತ್ತಲೇ ಅದರ ಬದಲು ‘ನಿಧಾನವಾಗಿ ಚಲಿಸಿ’ ಎಂದು ಬರೆಸಲು ಒಪ್ಪಿದರು.

ಮನೆಯಲ್ಲಿ ಮಾತ್ರ ಕಾಕಿ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಪೆಟ್ಟಿಗೆ ದನದ ಕೊಟ್ಟಿಗೆಯ ಅಟ್ಟ ಸೇರಿತು. ಕೋಳಿಯೊಂದು ಕ್ಯಾಬಿನ್ನಿನೊಳಗೆ ಮೊಟ್ಟೆ ಇಡುತ್ತಿದೆಯೆಂದು ಕಾಕಾ ಫೋನ್ ಮಾಡಿ ಹೇಳಿದ್ದರು.

ಮುಂದಿನ ಮಳೆಗಾಲದಲ್ಲಿ ಮತ್ತೆ ಫೋನ್ ಬಂತು.

“ಪೇಂಟರ್, ಗಾಡಿ ಬ್ಯಾರೆಯವರಿಗೆ ಕೊಟ್ನಿ. ಮಣ್ಣಿಗೆ ಬಾ.”

ಅವರ ಪಕ್ಕದ ಮನೆಯ ಅಜ್ಜಿ ತೀರಿಕೊಂಡಿದ್ದಳು. ಗಾಳಿಮಳೆಗೆ ಕರೆಂಟು ಹೋಗಿ ಬಡಗಿಯ ಮಷೀನು ನಿಂತಿತ್ತು, ಪೆಟ್ಟಿಗೆ ಸಿಗುವ ಹಾಗಿರಲಿಲ್ಲ. ಕಾಕಾ ಯಾರನ್ನೂ ಕೇಳದೆ ಅಟ್ಟದಿಂದ ತಮ್ಮದನ್ನು ಇಳಿಸಿದ್ದರು. ನಾನು ಹೋಗುವಷ್ಟರಲ್ಲಿ ಅದನ್ನು ಒರೆಸಿ ಅಂಗಳದಲ್ಲಿ ಇಟ್ಟಿದ್ದರು. ಅಜ್ಜಿಯ ಮಗಳು ಅಳುತ್ತ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಇಷ್ಟವಿಲ್ಲವೇನೋ ಎಂದು ನನಗೆ ಅಳುಕಾಯಿತು.

“ಕಾಕಾ, ನಮ್ಮವ್ವಗ ಗಾಡಿ ಆಗಿ ಬರ್ತಿದ್ದಿಲ್ಲ. ಲಾರಿ ವಾಸನಿ ಬಡದ್ರ ವಾಂತಿ ಮಾಡ್ಕೋತಿದ್ಲು. ಹಳಿಯಾಳ ಸಂತಿಗೂ ನಡಕೋಂತ ಹೋಗಾಕಿ,” ಎಂದಳು ಆಕೆ.

“ಗೊತ್ತೈತಿ ಮಗಳ. ನಾ ಮುಂದಿರ್ತೇನಿ. ಕುಲುಕಲಾರದಂಗ ಒಯ್ಯೂಣು.”

ಅಳುತ್ತಿದ್ದ ಆಕೆಗೆ ನಗು ಬಂದುಬಿಟ್ಟಿತು. ಅದನ್ನು ನೋಡಿ ಸುತ್ತ ನಿಂತ ಹೆಂಗಸರೂ ನಕ್ಕರು, ಮತ್ತೆ ಅತ್ತರು.

ಸ್ಮಶಾನದ ದಾರಿಯೆಲ್ಲ ಕೆಸರು. ಹೊತ್ತವರ ಕಾಲು ಜಾರುತ್ತಿತ್ತು. ಕಾಕಾ ಛತ್ರಿ ಮಡಚಿ ಕೈಯಲ್ಲಿ ಹಿಡಿದು, ಹಿಮ್ಮುಖವಾಗಿ ನಡೆಯುತ್ತ ಕ್ಲೀನರನಂತೆ ದಾರಿ ತೋರಿಸಿದರು. “ಬರ್ಲಿ, ಬರ್ಲಿ. ಎಡಕ್ಕ ತಗ್ಗೈತಿ, ಬಲಕ್ಕ ಒತ್ತು. ಹಾಂ, ಸೀದಾ ಬರ್ಲಿ.” ಮಳೆಹನಿ ನಿಂತ ಗಿಳಿಗಳು ಹೊಳೆಯುತ್ತಿದ್ದವು. ಪೆಟ್ಟಿಗೆ ಒಮ್ಮೆಯೂ ವಾಲಲಿಲ್ಲ. ಕುಣಿಯೊಳಗೆ ಇಳಿಸುವಾಗ ನಾನೂ ಹಗ್ಗ ಹಿಡಿದೆ. ಅಜ್ಜಿಯನ್ನು ನಾನು ಒಮ್ಮೆಯೂ ನೋಡಿದವನಲ್ಲ, ಆದರೂ ನಮ್ಮವರನ್ನೇ ಕಳಿಸಿಕೊಟ್ಟಂತಾಯಿತು. ಒಂದೇ ದಿನದ ಚಿತ್ರಕ್ಕೆ ಎಷ್ಟು ಮನಸ್ಸು ಹಾಕಬೇಕೆಂಬ ಪ್ರಶ್ನೆ ಆಮೇಲೆ ನನ್ನನ್ನು ಕಾಡಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ಕಾಕಾ ಮತ್ತೆ ಶೆಡ್ಡಿಗೆ ಬಂದರು. ಈ ಸಲ ಕಾಕಿಯೂ ಜೊತೆಗಿದ್ದಳು. ಕಾಕಾನಿಗೆ ಇನ್ನೊಂದು ಲಾರಿ ಬೇಕು, ಅದು ನನಗೆ ಗೊತ್ತಿದ್ದದ್ದೇ. ಕಾಕಿ ಶೆಡ್ಡನ್ನೆಲ್ಲ ಒಮ್ಮೆ ನೋಡಿ, ಅಮ್ಮಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು:

“ನಂಗೂ ಒಂದು ಮಾಡ್ರಿ. ಆದ್ರ ಗಾಲಿ ಬ್ಯಾಡ. ಇವರ ದಾರಿ ಕಾದು ಕಾದು ಗಾಡಿ ಅಂದ್ರ ಸಾಕಾಗಿ ಹೋಗೈತಿ. ನನಗ ನಮ್ಮ ಹಿತ್ತಲ ಬರೀರಿ. ಅಬ್ಬಲಿ ಹೂ, ಬದನಿ ಗಿಡ, ಕೋಳಿ.”

“ಹುಂಜ?” ಎಂದು ಕೇಳಿದೆ.

“ಹುಂಜ ಬ್ಯಾಡ. ಅಲ್ಲ್ಯಾರ ಮಲಗಾಕ ಬಿಡ್ರಿ.”

ಎರಡೂ ತಯಾರಾದ ದಿನ ನಾನೇ ಟೆಂಪೊದಲ್ಲಿ ಹಾಕಿಕೊಂಡು ಹೊರಟೆ. ಕಾಕಿ ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಕಾಕಾ ಹಠ ಹಿಡಿದು ಹಿಂದೆ ಪೆಟ್ಟಿಗೆಗಳ ಜೊತೆಗೇ ಹತ್ತಿದರು. ಸಾಂಬ್ರಾಣಿ ಹತ್ತಿರ ಬಂದಾಗ ರಸ್ತೆಬದಿಯ ಜನ ನಮ್ಮನ್ನು ನೋಡಿ ಎದ್ದು ನಿಂತರು. ಒಬ್ಬರು ಟೋಪಿ ತೆಗೆದರು. ಬೈಕಿನವನೊಬ್ಬ ಕೈ ಮಾಡಿ ನಮ್ಮ ಟೆಂಪೊ ನಿಲ್ಲಿಸಿ, ಮೆಲುದನಿಯಲ್ಲಿ, “ಯಾರ್ರೀ ತೀರಕೊಂಡಾರ?” ಎಂದು ಕೇಳಿದ.

ಲಾರಿ ಪೆಟ್ಟಿಗೆಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ ಕಾಕಾ ಹಿಂದಿನಿಂದ ತಲೆ ಎತ್ತಿದರು.

“ಇನ್ನೂ ಯಾರೂ ಇಲ್ಲ. ಮನೀಗೆ ಬಾ, ಚಾ ಕುಡ್ಯೂಣು,” ಎಂದು ಒಂದು ಹಿಡಿ ಕಡಲೆಕಾಯಿಯನ್ನು ಅವನ ಕೈಗೆ ಹಾಕಿದರು.