ಟಿವಿಯೊಳಗಿನ ಕಕ್ಕೇರಾ

ಶಹಾಪುರದ ಮೊಬೈಲ್ ಅಂಗಡಿಯಿಂದ ನೆಟ್ಟಿನ ವಿಡಿಯೊ ಟಿವಿಯಲ್ಲಿ ತೋರಿಸುವ, ಇದ್ದುದರಲ್ಲೇ ಅಗ್ಗದ ಡಾಂಗಲ್ ತಂದು ನಮ್ಮ ಹಳೆಯ ಟಿವಿಯ ಬೆನ್ನಿಗೆ ಚುಚ್ಚಿದ್ದೆ. ನನ್ನ ಫೋನಿನ ನೆಟ್ ಕುಡಿದು ಬದುಕುವ ದರಿದ್ರ ವಸ್ತು ಅದು. ಫೋನಿಗೆ ಕರೆ ಬಂದರೆ ಸಾಕು, ಚಿತ್ರ ಹೋಗಿಬಿಡುತ್ತದೆ. ಎರಡು ಸಲ ಕಿತ್ತೆಸೆಯಲು ಎದ್ದಿದ್ದೆ.

ಒಂದು ಮಧ್ಯಾಹ್ನ ಅವ್ವ ಕೇಳಿದಳು: “ಇದರಾಗ ಕಕ್ಕೇರಾ ಬರ್ತದೇನು?”

ಕಕ್ಕೇರಾ ಅವಳ ತವರು. ಬಸ್ಸು ಸುರಪುರ ದಾಟಿದರೆ ಮುಂದೆ ಹೆಚ್ಚು ದೂರವಿಲ್ಲ. ಆದರೆ ಅವಳ ಅಣ್ಣ ತೀರಿಕೊಂಡ ಮೇಲೆ ಅಲ್ಲಿಂದ ಯಾರೂ ಕರೆದಿಲ್ಲ. ಹೋಗಿಬರೋಣ ನಡಿ ಎಂದಾಗಲೆಲ್ಲ ಅವಳದು ಒಂದೇ ಮಾತು: “ಕರೀಲಾರದ ತವರಿಗೆ ಹೆಣ್ಮಗಳು ಹೆಂಗ ಹೋಗ್ಬೇಕೋ?”

ಹುಡುಕಿದೆ. ಯಾರೋ ಬೈಕಿನಲ್ಲಿ ಊರು ಸುತ್ತುತ್ತ ತೆಗೆದ ವಿಡಿಯೊ ಸಿಕ್ಕಿತು. ಒಂದು ಓಣಿ ಕಂಡದ್ದೇ ಅವ್ವ ಎದ್ದು ಟಿವಿಯ ಹತ್ತಿರ ಹೋದಳು. “ನಿಂದ್ರಸು, ನಿಂದ್ರಸು! ಅದು ನಮ್ಮ ಮನಿ ಕಟ್ಟಿ. ಬಾಗಲಾ ತೆರದೇ ಅದ ನೋಡು!”

ನಿಲ್ಲಿಸಿದೆ.

ಟಿವಿಯ ಮೇಲೆ, ಗೋಡೆಯಲ್ಲಿ, ಅವ್ವನ ಅತ್ತೆಯ ಫೋಟೊ ಇದೆ. ಆ ಫೋಟೊದ ಎದುರಿಗೂ ಅವಳು ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ. ಅದು ಅತ್ತೆಮನೆಯ ರೀತಿ. ತವರಿನಲ್ಲಿ ಸೆರಗು ಹೊದೆಯಬೇಕಿಲ್ಲ. ಈಗ ಆ ಬಾಗಿಲ ಮುಂದೆ ನಿಂತವಳ ಸೆರಗು ಹೆಗಲಿಗೆ ಜಾರಿತ್ತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ. ಅವಳ ತಲೆ ಇಷ್ಟು ಬೆಳ್ಳಗಾಗಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

ಅಷ್ಟರಲ್ಲಿ ನನ್ನ ಹಾಳಾದ ಫೋನು ಬಡಕೊಂಡಿತು. ಪರದೆ ಕಪ್ಪಾಯಿತು. ಅವ್ವ ಸೆರಗನ್ನು ತಲೆಗೆ ಎಳೆದುಕೊಂಡಳು.